ಬಾರದಾನಕ್ಕೆ ಒಂದು ಕಿಲೋ: ವೇಗದ ಬಗ್ಗೆ ಗಂಜಿನ ಮುನೀಮನ ಪತ್ರ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಚಿತ್ರ ಬಂದಿತ್ತು. ಕೊರಳಲ್ಲಿ ಪದಕ, ಕೈಯಲ್ಲಿ ಫಲಕ ಹಿಡಿದ ಪುಟ್ಟ ಹುಡುಗಿ, ಹಿಂದೆ ಬಿಗಿಯಾಗಿ ನಿಂತ ತಂದೆ-ತಾಯಿ. ಕೆಲವೇ ನಿಮಿಷದಲ್ಲಿ ಹಾಳೆ ತುಂಬ ಗುಣಾಕಾರ ಮಾಡಿ ಮುಗಿಸಿದಳಂತೆ. ಮಗುವಿನ ಮುಖ ನೋಡಿ ನನಗೂ ಸಂತೋಷವಾಯಿತು. ಆದರೆ ಮೇಲಿನ ತಲೆಬರಹದಲ್ಲಿ ‘ಮಹಾ ಮೇಧಾವಿ’ ಎಂದಿತ್ತು. ಅದೇ ದಿನ ಸಂಜೆ, ಒಂಬತ್ತನೆಯ ತರಗತಿ ಓದುವ ನನ್ನ ಮೊಮ್ಮಗ ಕೋಚಿಂಗ್ ಕ್ಲಾಸಿನಿಂದ ಪರೀಕ್ಷೆಯ ಹಾಳೆ ತಂದ. 30 ಲೆಕ್ಕ, 20 ನಿಮಿಷ. 18 ಮಾಡಿದ್ದಾನೆ, 12 ಬಿಟ್ಟಿದ್ದಾನೆ. ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಮಾತು: ‘ಸ್ಲೋ’. ಮಾಡಿದ 18ರಲ್ಲಿ 17 ಸರಿ ಇದ್ದವು. ಅದನ್ನು ಬರೆಯಲು ಕೆಂಪು ಶಾಯಿಗೆ ಪುರುಸೊತ್ತು ಸಿಗಲಿಲ್ಲ.

ನಿಮ್ಮ ಪತ್ರಿಕೆ ಮತ್ತು ಅವನ ಹಾಳೆ ಆ ರಾತ್ರಿ ಒಂದೇ ಟೀಪಾಯಿಯ ಮೇಲೆ ಬಿದ್ದಿದ್ದವು. ಅದಕ್ಕೇ ಈ ಪತ್ರ.

ವೇಗದ ಬಗ್ಗೆ ಮಾತಾಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಕಲಬುರಗಿಯ ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ಒಂದು ಅಡತ (ದಲ್ಲಾಳಿ) ಅಂಗಡಿಯಲ್ಲಿ 1974ರಿಂದ 38 ವರ್ಷ ಲೆಕ್ಕ ಬರೆಯುವ ಮುನೀಮನಾಗಿದ್ದೆ. ತೊಗರಿಯ ಸುಗ್ಗಿಯಲ್ಲಿ ಅಂಗಡಿ ಮುಂದೆ ಚೀಲದ ಮೇಲೆ ಚೀಲ, ಒಳಗೆ ಲೆಕ್ಕದ ಪಟ್ಟಿಗಾಗಿ ಕಾದು ಕುಂತ ರೈತರು. ಕ್ಯಾಲ್ಕುಲೇಟರ್ ಬಂದ ಮೇಲೂ ನಾನು ಅದನ್ನು ಮುಟ್ಟಲಿಲ್ಲ, ಗುಂಡಿ ಒತ್ತುವಷ್ಟರಲ್ಲಿ ನನ್ನ ಉತ್ತರ ಬಂದುಬಿಡುತ್ತಿತ್ತು. ಒಂದು ಉದಾಹರಣೆ ಹೇಳುತ್ತೇನೆ. 37 ಕ್ವಿಂಟಲ್ 64 ಕಿಲೋ ತೊಗರಿ, ಕ್ವಿಂಟಲಿಗೆ 6,850 ಎಂದಿಟ್ಟುಕೊಳ್ಳಿ. ದರವನ್ನು 7,000 ಅಂತ ಹಿಡಿದರೆ 37 ಕ್ವಿಂಟಲಿಗೆ 2,59,000. ಹೆಚ್ಚಿಗೆ ಹಿಡಿದದ್ದು ಕ್ವಿಂಟಲಿಗೆ ನೂರೈವತ್ತು, ಅಂದರೆ 5,550. ಅದನ್ನು ಕಳೆದರೆ 2,53,450. ಉಳಿದ 64 ಕಿಲೋ, ಕಿಲೋಗೆ ಅರವತ್ತೆಂಟೂವರೆಯಂತೆ 4,384. ಎಲ್ಲ ಸೇರಿ 2,57,834. ಇದನ್ನು ಓದಲು ನಿಮಗೆ ಹಿಡಿದ ಹೊತ್ತಿನಲ್ಲಿ ನಾನು ಹಮಾಲಿಯನ್ನೂ ಕಳೆದು ಪಟ್ಟಿ ಹರಿದು ಕೊಟ್ಟಿರುತ್ತಿದ್ದೆ. ಗಂಜಿನಲ್ಲಿ ನನಗೆ ‘ಮೋಟಾರು’ ಅಂತ ಅಡ್ಡಹೆಸರಿತ್ತು. ಸಾವಕಾರರು ಬಂದ ಬೀಗರ ಮುಂದೆ ನನ್ನನ್ನು ಕರೆದು ಲೆಕ್ಕ ಕೇಳಿ ಹೊಗಳುತ್ತಿದ್ದರು. ಹೊಗಳಿಕೆ ಬ್ಯಾಡ ಅನ್ನಿಸಿತ್ತು ಅಂದರೆ ಸುಳ್ಳಾದೀತು.

ಈ ವಿದ್ಯೆ ಎಲ್ಲಿಂದ ಬಂತು? ನಮ್ಮ ಊರ ಶಾಲೆಯಲ್ಲಿ ದಿನಾ ಸಂಜೆ ಮಗ್ಗಿ ಒದರಿಸುತ್ತಿದ್ದರು. ಬರೀ ಎರಡೊಂದ್ಲೆ ಎರಡು ಅಲ್ಲ, ಪಾವಕಿ, ಸವಾಯಿ, ದೀಡಕಿ, ಅಂದರೆ ಕಾಲು, ಒಂದೂಕಾಲು, ಒಂದೂವರೆಯ ಮಗ್ಗಿ ಎಲ್ಲ. ಒದರಿ ಒದರಿ ಬಾಯಿಗೆ ಹತ್ತಿತು. ಆಮೇಲೆ ಗಂಜಿನಲ್ಲಿ ದಿನಕ್ಕೆ ನೂರಾರು ಪಟ್ಟಿ. ದಿನಾ ತುಳಿದ ಕಾಲುದಾರಿಯಲ್ಲಿ ಹುಲ್ಲು ಬೆಳೆಯುವುದಿಲ್ಲವಲ್ಲ, ಹಾಗೆ.

ಅದೇ ಅಂಗಡಿಯಲ್ಲಿ ಇನ್ನೊಬ್ಬ ಗುಮಾಸ್ತರಿದ್ದರು. ಆಳಂದ ಕಡೆಯವರು, ನನಗಿಂತ ಹತ್ತು ವರ್ಷ ಹಿರಿಯರು. ನಾವೆಲ್ಲ ಕಾಕಾ ಅಂತಿದ್ದೆವು. ಲೆಕ್ಕ ಕೂಡಿಸುವಾಗ ಒಂದೊಂದು ಅಂಕಿಯ ಕೆಳಗೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ಒಂದು ಪುಟಕ್ಕೆ ಅರ್ಧ ತಾಸು ಹಚ್ಚುತ್ತಿದ್ದರು. ಸಾವಕಾರರು ಅವರನ್ನು ‘ಎತ್ತಿನ ಬಂಡಿ’ ಅನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಈಗ ಬರೆಯುವಾಗ ಆ ನಗು ನೆನಪಾಗಿ ಕಸಿವಿಸಿಯಾಗುತ್ತದೆ.

ಒಂದು ಸುಗ್ಗಿಯಲ್ಲಿ ನಮಗೊಂದು ತಂಟೆ ಹತ್ತಿತು. ನಾವು ದಾಲ್ ಮಿಲ್ಲಿಗೆ ಕಳಿಸಿದ ಮಾಲು ಅಲ್ಲಿ ತೂಗಿದಾಗ ಪ್ರತಿ ಸಲವೂ ಸ್ವಲ್ಪ ಕಡಿಮೆ ಬರುತ್ತಿತ್ತು. ಒಮ್ಮೆ 48 ಕಿಲೋ, ಒಮ್ಮೆ 38, ಮತ್ತೊಮ್ಮೆ 30. ಸಾವಕಾರರು ಲಾರಿಯವನನ್ನು ಸಂಶಯಪಟ್ಟರು, ಮಿಲ್ಲಿನವರ ತೂಕದ ಕಾಂಟಾ ಸಂಶಯಪಟ್ಟರು, ಕಡೆಗೆ ನಮ್ಮ ಹಮಾಲರನ್ನೂ ಬಿಡಲಿಲ್ಲ. ನನಗೆ ಲೆಕ್ಕ ನೋಡು ಅಂದರು. ಸುಗ್ಗಿಯ ಪಟ್ಟಿಗಳನ್ನೆಲ್ಲ ಒಂದೇ ಕುಳಿತದಲ್ಲಿ ತಿರುವಿದೆ. ಒಂದಲ್ಲ, ಮೂರು ಸಲ ಕೂಡಿಸಿದೆ. ಒಂದು ಕಿಲೋ ಕೂಡ ಹೆಚ್ಚುಕಮ್ಮಿ ಇಲ್ಲ. “ಲೆಕ್ಕ ಸರಿ ಅದ್ರಿ, ಕಳವೇ ಆಗ್ಯಾದ” ಎಂದು ಹೇಳಿ ಕೈ ತೊಳೆದುಕೊಂಡೆ.

ಕಾಕಾ ಅದೇ ಪಟ್ಟಿಗಳ ಕಟ್ಟನ್ನು ಎದುರಿಗಿಟ್ಟುಕೊಂಡು ಮೂರು ದಿನ ಕುಂತರು. ಏನು ಮಾಡುತ್ತಿದ್ದಾರೆ ಎಂದು ಯಾರಿಗೂ ತಿಳಿಯಲಿಲ್ಲ, ಯಾಕೆಂದರೆ ಅವರು ಕೂಡಿಸುತ್ತಿರಲಿಲ್ಲ, ಬರೀ ನೋಡುತ್ತಿದ್ದರು. ಮೂರನೆಯ ದಿನ ಮಧ್ಯಾಹ್ನ ನನ್ನನ್ನು ಕರೆದು ಎರಡು ಪಟ್ಟಿ ಪಕ್ಕಪಕ್ಕ ಇಟ್ಟರು. ಎರಡರ ಮಾಲೂ ಹತ್ತಿರ ಹತ್ತಿರ 190 ಕ್ವಿಂಟಲ್. ಒಂದು 190 ಚೀಲದಲ್ಲಿ ಹೋಗಿತ್ತು. ಇನ್ನೊಂದರಲ್ಲಿ ರೈತರು ಚೀಲ ಪೂರಾ ತುಂಬಿರಲಿಲ್ಲ, ಅದು 240 ಚೀಲ. ಮೊದಲನೆಯದರಲ್ಲಿ 38 ಕಿಲೋ ಕಡಿಮೆ, ಎರಡನೆಯದರಲ್ಲಿ 48.

“ತಮ್ಮಾ, ಕಳವಾಗಿದ್ರ ತೂಕದ ಲೆಕ್ಕಕ್ಕ ಆಗ್ತಿತ್ತು. ಇದು ಚೀಲದ ಲೆಕ್ಕಕ್ಕ ಆಗ್ಯಾದ. ಚೀಲಕ್ಕ ಇನ್ನೂರು ಗ್ರಾಂ. ಖಾಲಿ ಚೀಲ ಯಾರರ ತೂಗಿ ನೋಡೀರೇನು?”

ಯಾರೂ ನೋಡಿರಲಿಲ್ಲ. ಬಾರದಾನಕ್ಕೆ, ಅಂದರೆ ಖಾಲಿ ಚೀಲದ ತೂಕಕ್ಕೆ, ಚೀಲಕ್ಕೆ ಒಂದು ಕಿಲೋ ಕಳೆಯುವುದು ನಾನು ಕೆಲಸಕ್ಕೆ ಸೇರುವ ಮುಂಚಿನ ರೂಢಿ. ಆ ವರ್ಷ ಬಂದವು ಹಳೆಯ ಚೀಲ, ತ್ಯಾಪೆ ಹಚ್ಚಿ ದಪ್ಪ ಸುತಳಿಯಲ್ಲಿ ಹೊಲಿದವು, ಮೈತುಂಬ ಮಣ್ಣು. ಹತ್ತು ಚೀಲ ಕಾಂಟಾದ ಮೇಲೆ ಹಾಕಿದರೆ 12 ಕಿಲೋ! ಮಿಲ್ಲಿನವರು ಚೀಲ ಖಾಲಿ ಮಾಡಿ ತೂಗಿ ನಿಜದ ಬಾರದಾನ ಕಳೆಯುತ್ತಿದ್ದರು, ನಾವು ರೂಢಿಯದನ್ನು. ಕಳ್ಳ ಅಂತ ಯಾರೂ ಇರಲೇ ಇಲ್ಲ. ಅಂದಿನಿಂದ ಪ್ರತಿ ಮಾಲಿನ ಹತ್ತು ಚೀಲ ತೂಗಿ ಬಾರದಾನ ಹಿಡಿಯುವುದು ಶುರುವಾಯಿತು. ಹಗುರ ಹೊಸ ಚೀಲ ತಂದ ರೈತರಿಗೂ ಅದರಿಂದ ನಾಲ್ಕು ಕಾಸು ಉಳಿಯಿತು ಅನ್ನಿ.

ಆ ‘ಒಂದು ಕಿಲೋ’ ನನ್ನ ಕಣ್ಣ ಮುಂದೆ ದಿನಕ್ಕೆ ನೂರು ಸಲ ಹಾದು ಹೋಗಿತ್ತು. ನನಗೆ ಅದು ಕಾಣಿಸಲಿಲ್ಲ, ಯಾಕೆಂದರೆ ಅದರ ಮೇಲೆ ನಿಲ್ಲದೆ ಇದ್ದದ್ದರಿಂದಲೇ ನಾನು ಅಷ್ಟು ಓಡುತ್ತಿದ್ದೆ. ನನ್ನ ವೇಗದಲ್ಲಿ ಎಷ್ಟು ಪಾಲು ಚುರುಕು, ಎಷ್ಟು ಪಾಲು ಕೇಳುವುದನ್ನು ಬಿಟ್ಟ ಪ್ರಶ್ನೆ ಎಂದು ಅವತ್ತಿನಿಂದ ಯೋಚಿಸುತ್ತಿದ್ದೇನೆ. ನಾನು ಇಷ್ಟುದ್ದ ಪತ್ರ ಬರೆಯುತ್ತಿರುವುದು ಇದೊಂದು ಮಾತಿಗಾಗಿ.

ಇದನ್ನೆಲ್ಲ ಬೀದರಿನ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವ ನನ್ನ ಮಗಳಿಗೆ ಫೋನಿನಲ್ಲಿ ಹೇಳಿದೆ. ವೇಗಕ್ಕೂ ಬುದ್ಧಿಗೂ ಸಂಬಂಧವೇ ಇಲ್ಲ ಎಂದು ಬರೆಯುತ್ತೇನೆ ಅಂದೆ. ಅವಳು ನಕ್ಕಳು. “ಅಪ್ಪಾ, ಸಿಟ್ಟಿನಾಗ ನೀ ಅರ್ಧಾನೇ ಹೇಳ್ಲತ್ತಿ. ಸಂಬಂಧ ಅದ. ಎಷ್ಟದ ಅನ್ನೋದು ನೋಡು.”

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. 1884ರಲ್ಲಿ ಲಂಡನ್ನಿನ ಒಂದು ಪ್ರದರ್ಶನದಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬಾತ ಮೂರು ಪೆನ್ನಿ ತೆಗೆದುಕೊಂಡು ಜನರ ಕಣ್ಣು, ಕಿವಿ, ಕೈಯ ಚುರುಕು ಅಳೆದು ಚೀಟಿ ಕೊಡುತ್ತಿದ್ದ. ಚುರುಕು ನರ ಇದ್ದವನಿಗೆ ಚುರುಕು ಬುದ್ಧಿ ಎಂಬುದು ಅವನ ಎಣಿಕೆ. ಆಗ ಅದು ಸರಿಯಾಗಿ ರುಜುವಾಗಲಿಲ್ಲ. ಆದರೆ ಪೂರ್ತಿ ಸುಳ್ಳೂ ಆಗಲಿಲ್ಲ. 2001ರಲ್ಲಿ ಇಯನ್ ಡಿಯರಿ ಮತ್ತು ಸಂಗಡಿಗರು ಸ್ಕಾಟ್ಲೆಂಡಿನ ಸುಮಾರು 900 ಜನರ, ಐವತ್ತು ದಾಟಿದವರ, ಲೆಕ್ಕ ಪ್ರಕಟಿಸಿದರು. ನಾಲ್ಕು ಅಂಕಿಗಳಲ್ಲಿ ಯಾವುದು ಕಾಣಿಸಿತೋ ಆ ಗುಂಡಿ ಬೇಗ ಒತ್ತುವುದು ಒಂದು ಪರೀಕ್ಷೆ, ಬುದ್ಧಿಮತ್ತೆಯ ಪ್ರಶ್ನೆಪತ್ರಿಕೆ ಇನ್ನೊಂದು. ಎರಡರ ನಡುವಿನ ಸಂಬಂಧ 0.49 ಬಂತು. ಒಂದಕ್ಕೊಂದು ಪೂರಾ ಅಂಟಿಕೊಂಡಿದ್ದರೆ 1 ಬರಬೇಕು, ಏನೂ ಸಂಬಂಧವಿಲ್ಲದಿದ್ದರೆ 0. ಜನರ ನಡುವಿನ ವ್ಯತ್ಯಾಸದಲ್ಲಿ ಇದರ ಪಾಲು ಎಷ್ಟು ಎಂದು ನೋಡಲು ಆ ಅಂಕಿಯನ್ನು ಅದರಿಂದಲೇ ಗುಣಿಸಬೇಕಂತೆ. ಅವಳು ಬಾಯಿ ಮುಚ್ಚುವ ಮೊದಲೇ ನಾನು ಹೇಳಿದೆ: 0.24. ಅಂದರೆ ಪಾವು. ರೂಪಾಯಿಯಲ್ಲಿ ನಾಲ್ಕಾಣೆ.

“ಉಳಿದ ಹನ್ನೆರಡಾಣೆ?”

“ಅದನ್ನ ನಿಮ್ಮ ಕಾಕಾಗ ಕೇಳಬೇಕಿತ್ತು” ಅಂದಳು.

ನಾಲ್ಕಾಣೆ ಸಣ್ಣದಲ್ಲ. ಅದನ್ನು ನಾನು ಒಪ್ಪುತ್ತೇನೆ. ತಲೆಯೊಳಗೆ ಒಂದು ಸಂಗತಿಯನ್ನು ಹಿಡಿದಿಟ್ಟುಕೊಂಡೇ ಇನ್ನೊಂದನ್ನು ತಂದು ಜೋಡಿಸಬೇಕಾದಾಗ, ತೀರಾ ನಿಧಾನವಾದರೆ ಎರಡನೆಯದು ಬರುವಷ್ಟರಲ್ಲಿ ಮೊದಲನೆಯದು ಜಾರಿರುತ್ತದೆ. ಎಪ್ಪತ್ತು ದಾಟಿದ ನನಗೆ ಈಗ ಅದರ ಅನುಭವ ದಿನಾ ಆಗುತ್ತದೆ. ಕಾಯಿಪಲ್ಯೆ ಸಂತೆಯಲ್ಲಿ ಐದು ಬಾಬತ್ತು ಕೂಡಿಸುವಷ್ಟರಲ್ಲಿ ಮೊದಲನೆಯದರ ದರ ಮರೆತಿರುತ್ತೇನೆ, ಮೋಟಾರಿನ ಗಾಲಿ ಸವೆದಿದೆ.

ಮಗಳು ಇನ್ನೊಂದು ಸಂಗತಿ ಹೇಳಿದಳು, ನನಗೆ ಬಹಳ ಹಿಡಿಸಿತು. 1988ರಲ್ಲಿ ಅಮೆರಿಕದ ರಿಚರ್ಡ್ ಹೈಯರ್ ಎಂಬವರು ಜನರಿಗೆ ಕಠಿಣ ಒಗಟಿನ ಪರೀಕ್ಷೆ ಕೊಟ್ಟು, ಆಗ ಮಿದುಳು ಎಷ್ಟು ಗ್ಲೂಕೋಸ್ ಸುಡುತ್ತದೆ ಎಂದು ಯಂತ್ರದಲ್ಲಿ ನೋಡಿದರು. ಚೆನ್ನಾಗಿ ಮಾಡಿದವರ ಮಿದುಳು ಹೆಚ್ಚು ಸುಟ್ಟಿರುತ್ತದೆ ಎಂದು ನೀವೂ ನಾನೂ ಅಂದುಕೊಳ್ಳುತ್ತೇವೆ. ಕಡಿಮೆ ಸುಟ್ಟಿತ್ತು! ನೋಡಿದ್ದು ಎಂಟೇ ಜನರನ್ನು, ಅದನ್ನೂ ಹೇಳಬೇಕು. 1992ರಲ್ಲಿ ಅವರೇ ಟೆಟ್ರಿಸ್ ಎಂಬ ಕಂಪ್ಯೂಟರ್ ಆಟ ಕಲಿಸಿ ನೋಡಿದರು. ಕೆಲವು ವಾರ ಆಡಿ ಪಳಗಿದ ಮೇಲೆ ಆಟ ಎಷ್ಟೋ ಪಟ್ಟು ಚುರುಕಾಯಿತು, ಮಿದುಳು ಸುಡುವುದು ಕಡಿಮೆಯಾಯಿತು. ನನ್ನ ಪಟ್ಟಿ ಬರೆಯುವ ಮಿದುಳೂ ಹಾಗೇ ಇತ್ತೇನೋ, ಬತ್ತಿ ಸಣ್ಣ ಮಾಡಿಟ್ಟ ಕಂದೀಲಿನಂತೆ. ಎಣ್ಣೆ ಉಳಿಯುತ್ತಿತ್ತು, ಮೂಲೆಯಲ್ಲಿದ್ದ ಚೀಲ ಕಾಣುತ್ತಿರಲಿಲ್ಲ.

ಮೂರನೆಯದು ಇತ್ತೀಚಿನದು, 2023ರದು. ಬರ್ಲಿನ್ನಿನ ಸಂಶೋಧಕರು 650 ಜನರ ಮಿದುಳಿನ ಚಿತ್ರ ಮತ್ತು ಪರೀಕ್ಷೆಯ ಫಲಿತಾಂಶ ಇಟ್ಟುಕೊಂಡು ನೋಡಿದಾಗ, ಹೆಚ್ಚು ಅಂಕದವರು ಸುಲಭ ಪ್ರಶ್ನೆಯಲ್ಲಿ ಚುರುಕು, ಕಠಿಣ ಪ್ರಶ್ನೆಯಲ್ಲಿ ಉಳಿದವರಿಗಿಂತ ನಿಧಾನ. ತಪ್ಪು ಕಡಿಮೆ. ಅವರ ಮಿದುಳಿನ ಬೇರೆ ಬೇರೆ ಭಾಗಗಳು ಒಂದಕ್ಕೊಂದು ಕಾಯುತ್ತವಂತೆ, ಎಲ್ಲರ ವರದಿ ಬರುವ ತನಕ ತೀರ್ಪು ಕೊಡುವುದಿಲ್ಲ. ಕಾಕಾ ಮೂರು ದಿನ ಪಟ್ಟಿ ನೋಡುತ್ತಾ ಕುಂತದ್ದು ನನ್ನ ಕಣ್ಣ ಮುಂದೆ ಬಂತು.

ಹಾಗಾದರೆ ಶಕುಂತಲಾ ದೇವಿ? ಬೆಂಗಳೂರಿನಲ್ಲಿ ಹುಟ್ಟಿದ ಆ ತಾಯಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ನಮ್ಮ ಅಂಗಡಿಯ ಗೋಡೆಯ ಮೇಲೆ ಪತ್ರಿಕೆಯಿಂದ ಕತ್ತರಿಸಿದ ಅವರ ಫೋಟೊ ನಾನೇ ಅಂಟಿಸಿದ್ದೆ. ಅವರ ಮುಂದೆ ನನ್ನಂಥವನು ಬಸವನಹುಳು. 1988ರಲ್ಲಿ ಆರ್ಥರ್ ಜೆನ್ಸನ್ ಎಂಬ ಮನಃಶಾಸ್ತ್ರಜ್ಞರು ಅವರನ್ನು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪರೀಕ್ಷಿಸಿದರು. ಲೆಕ್ಕದಲ್ಲಿ ಆಕೆ ಎಂದಿನಂತೆ ಮಿಂಚು. ಆದರೆ ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತುವಂಥ ಸಾದಾ ಚುರುಕಿನ ಪರೀಕ್ಷೆಗಳಲ್ಲಿ ವಿಶೇಷವೇನೂ ಕಾಣಲಿಲ್ಲ, ಎಲ್ಲರಂತೆಯೇ ಇದ್ದರು. ಅಂದರೆ ಆ ವೇಗ ನರದಲ್ಲಿ ಇರಲಿಲ್ಲ, ಚಿಕ್ಕಂದಿನಿಂದ ಸಂಖ್ಯೆಗಳ ಜೊತೆಗೇ ಆಡಿ ಬೆಳೆದದ್ದರಲ್ಲಿ ಇತ್ತು ಎಂದು ನಾನು ತಿಳಿದುಕೊಂಡಿದ್ದೇನೆ. ಗಣಿತಜ್ಞ ರಾಮಾನುಜನ್ ಅವರ 1729 ಎಂಬ ಸಂಖ್ಯೆಯ ಕಥೆಯೂ ಹಾಗೇ. ಆಸ್ಪತ್ರೆಗೆ ನೋಡಲು ಬಂದ ಇಂಗ್ಲಿಷ್ ಗಣಿತಜ್ಞ ಹಾರ್ಡಿ ತನ್ನ ಟ್ಯಾಕ್ಸಿಯ ಆ ನಂಬರು ಹೇಳಿದ ಕೂಡಲೇ, ಎರಡು ಘನಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು ಎಂದರಂತೆ. ಆ ಸಂಖ್ಯೆಯ ಗುಣ ಅವರ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ಮೊದಲೇ ಇತ್ತು. ಥಟ್ಟನೆ ಹೇಳಿದ್ದು ಎಲ್ಲರಿಗೂ ನೆನಪಿದೆ, ಹಿಂದೆ ಕುಳಿತು ಅಗೆದದ್ದನ್ನು ಯಾರೂ ಹೇಳುವುದಿಲ್ಲ. ಫ್ರಾನ್ಸಿನ ಗಣಿತಜ್ಞ ಲೊರಾಂ ಶ್ವಾರ್ಟ್ಸ್ ಶಾಲೆಯಲ್ಲಿ ತಾನು ನಿಧಾನ, ಆದ್ದರಿಂದ ದಡ್ಡ ಎಂದೇ ಎಣಿಸಿದ್ದರಂತೆ. 1950ರಲ್ಲಿ ಅವರಿಗೆ ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಬಂತು.

ಪರೀಕ್ಷೆಗೆ ಗಡಿಯಾರ ಬೇಡ ಎಂದು ನಾನು ಹೇಳುವುದಿಲ್ಲ. ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ, ನಮ್ಮ ಸಿಇಟಿಯಲ್ಲಿ ಒಂದು ವಿಷಯದ 60 ಪ್ರಶ್ನೆಗೆ 80 ನಿಮಿಷ. ಲಕ್ಷಗಟ್ಟಲೆ ಮಕ್ಕಳನ್ನು ಸೋಸಲು ಏನಾದರೊಂದು ಜರಡಿ ಬೇಕೇ ಬೇಕು. ಗಂಜಿನಲ್ಲಿ ತೊಗರಿಗೂ ಜರಡಿ ಹಿಡಿಯುತ್ತಾರೆ. ಅದು ಕಾಳಿನ ಗಾತ್ರ ಹೇಳುತ್ತದೆ, ಬೇಯುವ ಗುಣ ಹೇಳುವುದಿಲ್ಲ. ನಮ್ಮ ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ಜರಡಿಯ ಕಣ್ಣು ನೋಡಿ ಯಾರೂ ಕೊಡಲಿಲ್ಲ. ಜರಡಿ ಹಿಡಿದವನು ಕೆಳಗೆ ಬಿದ್ದ ಕಾಳಿಗೆ ‘ಹುಳುಕು’ ಅಂತ ಚೀಟಿ ಹಚ್ಚಬಾರದು, ನನ್ನ ತಕರಾರು ಅಷ್ಟೇ.

ಇನ್ನು ಮೊಮ್ಮಗನ ಹಾಳೆ. ಹತ್ತೊಂಬತ್ತನೆಯ ಪ್ರಶ್ನೆಯ ಹತ್ತಿರ ಅಂಚಿನಲ್ಲೆಲ್ಲ ಪೆನ್ಸಿಲಿನ ಗೀಚು. ಋಣ 16ರ ವರ್ಗಮೂಲ ಎಷ್ಟು ಎಂದು ಕೇಳಿ ನಾಲ್ಕು ಉತ್ತರ ಕೊಟ್ಟಿದ್ದರು. ‘ವಾಸ್ತವ ಸಂಖ್ಯೆ ಅಲ್ಲ’ ಎಂಬುದಕ್ಕೆ ಗುರುತು ಹಾಕಿ ಮುಂದೆ ಹೋಗಬೇಕಿತ್ತು. ಇವನು ಅಲ್ಲೇ ನಿಂತಿದ್ದ. ನಾಲ್ಕು ನಾಲ್ಕಲೆ 16, ಋಣ ನಾಲ್ಕು ಋಣ ನಾಲ್ಕಲೆಯೂ 16. ಹಾಗಾದರೆ ಋಣ 16 ಯಾವುದರಿಂದ ಬರುತ್ತದೆ? ಏಳೆಂಟು ನಿಮಿಷ ಅದರ ಮೇಲೆ ಹೋಗಿತ್ತು. “ಗುರುತು ಹಾಕಿ ಮುಂದ ಹೋಗಬಾರದೇನೋ?” ಎಂದು ಅವನಪ್ಪ ಗದರಿದ. ತಿಂಗಳ ಫೀ ಕಟ್ಟುವವನು ಅವನು, ಅವನ ಸಂಕಟವೂ ನನಗೆ ಅರ್ಥವಾಗುತ್ತದೆ. ಹುಡುಗ ನನ್ನ ಮುಖ ನೋಡಿದ. “ಮುತ್ಯಾ, ಇಲ್ಲ ಅಂತ ಬರದಾರ. ಯಾಕಿಲ್ಲ ಅಂತ ಬರದಿಲ್ಲ.”

ನನಗೂ ಗೊತ್ತಿರಲಿಲ್ಲ. ಮತ್ತೆ ಮಗಳಿಗೆ ಫೋನು. ಆಗ ತಿಳಿದದ್ದು ಕೇಳಿ ನಾನು ಎದ್ದು ಕುಂತೆ. ಈ ಪ್ರಶ್ನೆಯ ಮೇಲೆ ಕುಳಿತವರು ನಮ್ಮವರೇ. ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್ ದೂರದ, ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಹೊತ್ತಿಗೆ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞರಿದ್ದರು. ಧನದ ವರ್ಗವೂ ಧನ, ಋಣದ ವರ್ಗವೂ ಧನ, ಋಣ ಸಂಖ್ಯೆ ತನ್ನ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ಮೂಲವಿಲ್ಲ ಎಂದು ಅವರು ಕಾರಣ ಸಮೇತ ಬರೆದಿಟ್ಟರು. ಅದಕ್ಕೆ ಮೂಲ ಇದೆ ಎಂದೇ ಹಿಡಿದರೆ ಏನಾಗುತ್ತದೆ ಎಂದು ಇಟಲಿಯ ಕಾರ್ಡಾನೊ ಬರೆದದ್ದು 1545ರಲ್ಲಿ, ಬೊಂಬೆಲ್ಲಿ ಅದಕ್ಕೆ ನಿಯಮ ಕಟ್ಟಿದ್ದು 1572ರಲ್ಲಿ. ಇವತ್ತು ಕರೆಂಟಿನ ಇಂಜಿನಿಯರುಗಳು ಅದನ್ನು ಹಿಡಿದೇ ಲೆಕ್ಕ ಮಾಡುತ್ತಾರಂತೆ. ಮಳಖೇಡದಿಂದ ಅಲ್ಲಿಗೆ ಹೋಗಲು ಸುಮಾರು ಏಳು ನೂರು ವರ್ಷ. ನನ್ನ ಮೊಮ್ಮಗನಿಗೆ ಕೊಟ್ಟದ್ದು ಲೆಕ್ಕಕ್ಕೆ ನಲವತ್ತು ಸೆಕೆಂಡು.

ಅವನು ಮೇಧಾವಿ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಅವನ ಫೋಟೊ ಹಾಕಬೇಡಿ. ಅವನು ಬಟ್ಟೆ ತೊಡುವುದರಲ್ಲೂ ನಿಧಾನ, ಊಟದಲ್ಲೂ ನಿಧಾನ, ಅದೆಲ್ಲ ಬರೀ ಸೋಮಾರಿತನ. ಆದರೆ ಆ ಏಳೆಂಟು ನಿಮಿಷ ಸೋಮಾರಿತನ ಆಗಿರಲಿಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಬೇಗ ಲೆಕ್ಕ ಮಾಡುವ ಮಗುವಿನ ಚಿತ್ರ ಖಂಡಿತ ಹಾಕಿ, ‘ಚುರುಕು ಲೆಕ್ಕದ ಬಾಲೆ’ ಎಂದು ಬರೆಯಿರಿ. ಆ ಹುಡುಗಿಗೂ ಅದು ಒಳ್ಳೆಯದು. ‘ಮಹಾ ಮೇಧಾವಿ’ ಎಂಬ ಚೀಲ ಹತ್ತು ವರ್ಷದ ಬೆನ್ನಿಗೆ ಭಾರ. ಸಾವಕಾರರು ಹೊಗಳಿದಾಗ ನನಗೂ ಒಮ್ಮೊಮ್ಮೆ ಭಯವಾಗುತ್ತಿತ್ತು, ಉತ್ತರ ಒಂದು ಕ್ಷಣ ತಡವಾದರೆ ಇವರು ಏನಂದಾರು ಎಂದು. ಹಾಗಾಗಿ ತಡವಾಗುವಂಥ ಪ್ರಶ್ನೆಯ ಹತ್ತಿರವೇ ನಾನು ಹೋಗಲಿಲ್ಲ.

ಮುಂದಿನ ಭಾನುವಾರ ಕ್ಲಾಸಿನಲ್ಲಿ ಮತ್ತೆ ಪರೀಕ್ಷೆ ಇದೆ. ನಾನೂ ಮೊಮ್ಮಗನೂ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಕಾಲು ಹಿಡಿದು ನಿಲ್ಲಿಸುವ ಪ್ರಶ್ನೆ ಬಂದರೆ ಅಲ್ಲಿ ಒಂದು ಚುಕ್ಕೆ ಇಟ್ಟು ಮುಂದೆ ಓಡಬೇಕು, ಚುಕ್ಕೆ ಇಟ್ಟದ್ದನ್ನು ಮನೆಗೆ ತರಬೇಕು. ಬರೆದುಕೊಳ್ಳಲು ನನ್ನ ಹಳೆಯ ಕಿರ್ದಿ ಪುಸ್ತಕ ಕೊಟ್ಟಿದ್ದೇನೆ, ಕೆಂಪು ಬಟ್ಟೆಯ ರಟ್ಟಿನ ಉದ್ದನೆಯದು, ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಇದ್ದವು. ಅದರಲ್ಲಿ ಈಗಾಗಲೇ ಮೂರು ಪ್ರಶ್ನೆ ಬಿದ್ದಿವೆ. ಮೊದಲನೆಯದು ಋಣ 16ರದು. ಎರಡನೆಯದಕ್ಕೆ ನಿನ್ನೆ ರಾತ್ರಿ ಅವನೇ ಉತ್ತರ ಹುಡುಕಿಕೊಂಡ. ಮೂರನೆಯದು ಏನು ಕೇಳುತ್ತಿದೆ ಎಂಬುದೇ ನನಗಿನ್ನೂ ತಿಳಿದಿಲ್ಲ.

ಇಂತಿ ತಮ್ಮ ಓದುಗ,
ಗಂಜಿನ ಹಳೆಯ ಮುನೀಮ, ಕಲಬುರಗಿ